ಮೂಗುಬೊಟ್ಟು ಯಾವ ಕಡೆಗೆ?

ಕದರಪ್ಪ ಸಿನಿಮಾ ನೋಡಲು ಕಲಿತದ್ದು ಹಿಂದಿನಿಂದ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ.

ಟೂರಿಂಗ್ ಟಾಕೀಸುಗಳು ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸುತ್ತುತ್ತಿದ್ದ ಕಾಲ. ಮಹಾರಾಜರ ಆಳ್ವಿಕೆ. ಊರಾಚೆ ಬಯಲಲ್ಲಿ ಡೇರೆ ಎದ್ದರೆ ಒಳಗೆ ಅಡ್ಡಲಾಗಿ ಒಂದು ಬಿಳಿ ಬಟ್ಟೆ ಕಟ್ಟುತ್ತಿದ್ದರು. ಬಟ್ಟೆಯ ಮುಂದೆ ನೆಲ, ಬೆಂಚು, ಕುರ್ಚಿ. ಬಟ್ಟೆಯ ಹಿಂದೆ, ಊರು ಮುಟ್ಟಿಸಿಕೊಳ್ಳದ ಕೇರಿಯವರು. ಕೇರಿಯವರಿಗೂ ಟಿಕೇಟು ಇತ್ತು, ಬಿಟ್ಟಿಯೇನಲ್ಲ. ಬಾಗಿಲು ಮಾತ್ರ ಬೇರೆ. ಹೀಗೆ ಕೂರಬೇಕೆಂದು ಯಾವ ಸರ್ಕಾರಿ ಆರ್ಡರೂ ಹೇಳಿರಲಿಲ್ಲ. ಹೇಳುವ ಅಗತ್ಯ ಯಾರಿಗಿತ್ತು? ಎಲ್ಲರಿಗೂ ಅವರವರ ಜಾಗ ಹುಟ್ಟಿದಾಗಿನಿಂದ ಗೊತ್ತಿತ್ತು.

ಹಿಂದೆ ಕೂತವರಿಗೆ ಕಾಣುತ್ತಿದ್ದದ್ದು ಬಟ್ಟೆಯನ್ನು ತೂರಿ ಬಂದಷ್ಟು ಬೆಳಕು. ಮಂಕು ಬೊಂಬೆ. ಮಾತು ಬರುವ ಹಾರ್ನು ಅವರ ಮಗ್ಗುಲಲ್ಲೇ ಇರುತ್ತಿದ್ದುದರಿಂದ ಸದ್ದು ಮಾತ್ರ ಧಾರಾಳ. ಮತ್ತೆ ಎಲ್ಲವೂ ಅದಲುಬದಲು. ಮುಂದಿನವರ ಕಣ್ಣಿಗೆ ಬಲಗೈಯಲ್ಲಿ ಕತ್ತಿ ಹಿಡಿದ ರಾಜ ಹಿಂದಿನವರಿಗೆ ಎಡಚ. ಬೈತಲೆ ಆ ಕಡೆಯದು ಈ ಕಡೆಗೆ, ಸೆರಗು ಈ ಹೆಗಲಿನದು ಆ ಹೆಗಲಿಗೆ. ತಮಗೆ ಕಾಣುವುದು ಅದಲುಬದಲು ಎಂದು ಅವರಿಗೆ ತಿಳಿಯುತ್ತಲೂ ಇರಲಿಲ್ಲ. ತಿಳಿಯಬೇಕಾದರೆ ಒಮ್ಮೆಯಾದರೂ ಮುಂದೆ ಕೂತಿರಬೇಕು.

ಕದರಪ್ಪ ಕೊರಟಗೆರೆ ಸೀಮೆಯ ಒಂದು ಕೇರಿಯವನು. ಅಪ್ಪ ಅವ್ವ ಪ್ಲೇಗಿನಲ್ಲಿ ಹೋಗಿದ್ದರು. ಉಳಿದವಳು ಅಕ್ಕ ಹೊನ್ನಕ್ಕ, ಅವಳನ್ನು ಶಿರಾ ಹತ್ತಿರದ ಮದಲೂರಿಗೆ ಕೊಟ್ಟಿತ್ತು. ಇವನು ಕೂಲಿ ಸಿಕ್ಕ ಕಡೆ ಹೋಗುವ ಆಳು. ಮಧುಗಿರಿಯಲ್ಲಿ ಬೆಟ್ಟದ ಬುಡಕ್ಕೆ ಡೇರೆ ಬಂದಾಗ ಗೂಟಕ್ಕೆ ಗುಂಡಿ ತೋಡಲು ಕರೆದರು. ಮಧ್ಯಾಹ್ನ ಡೇರೆಯ ಕೆಲಸದವರು ನೆರಳಲ್ಲಿ ಕೂತು ಆ ವರ್ಷ ಜನ ಮುಗಿಬಿದ್ದು ನೋಡಿದ್ದ ತೆಲುಗು ರಾಣಿ ಪಿಚ್ಚರಿನ ಮಾತಾಡುತ್ತಿದ್ದರು. ರಾಣಿ ಅಳುವಾಗ ಮೂಗುಬೊಟ್ಟು ಮಿಂಚುವುದನ್ನು ಒಬ್ಬ ಅಭಿನಯಿಸಿ ತೋರಿಸಿದ.

"ಆ ಕಡೆ ಅಲ್ಲ ಕಣ್ಲಾ, ಎಡಗಡೆ ಹೊಳ್ಳೆ," ಎಂದ ಎಂಜಿನ್ ಓಡಿಸುವ ಜುಂಜಪ್ಪ.

"ಲೇ ಜುಂಜ, ಎಂಜಿನ್ ಹೊಗೆ ಕಣ್ಣಿಗೆ ಹೊಡೆದೈತೆ ನಿಂಗೆ. ಬಲಗಡೆ!"

"ಎಡಗಡೆ ಅಂತೀನಿ."

"ಬಲಗಡೆ ಕಣಪ್ಪಾ ಕುರುಡಪ್ಪಾ!"

ದೂರದಲ್ಲಿ ಗುಂಡಿಯೊಳಗೆ ನಿಂತಿದ್ದ ಕದರಪ್ಪನ ಬಾಯಿ ಸುಮ್ಮನಿರಲಿಲ್ಲ. "ಎಡಗಡೇನೇ ಅಲ್ವರಾ? ನಾನೂ ನೋಡೀನಿ" ಎಂದುಬಿಟ್ಟ. ನೆರಳಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜುಂಜಪ್ಪನೊಬ್ಬ ನಗಲಿಲ್ಲ. ಎಲ್ಲರೂ ಎದ್ದ ಮೇಲೆ ಗುಂಡಿಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ.

"ಎಲ್ಲಿ ಕುಂತು ನೋಡ್ದೆ ಅದ್ನ?"

"ಹಿಂದ್ಗಡೆ."

"ನಾನೂ ಅಲ್ಲೇ ಕುಂತು ನೋಡಿದ್ದು. ಈಗ ಇಲ್ಲಿ ನಾನು ಯಾರು ಏನು ಅಂತ ಯಾರಿಗೂ ಗೊತ್ತಿಲ್ಲ. ಬಾಯಿ ಮುಚ್ಕೊಂಡಿರು, ನಿನ್ನೂ ಒಳೀಕೆ ಹಾಕ್ತೀನಿ."

ಗುಟ್ಟಿನ ಕೂಟವೊಂದು ಹುಟ್ಟಿದ್ದು ಹೀಗೆ, ಒಂದು ಗುಂಡಿಯ ಅಂಚಿನಲ್ಲಿ. ಅದಕ್ಕೆ ಬೋರ್ಡಿಲ್ಲ, ಬಾವುಟವಿಲ್ಲ. ತಮ್ಮನ್ನು ತಾವು 'ಹಿಂದ್ಲೋರು' ಎಂದುಕೊಳ್ಳುತ್ತಿದ್ದರು. ಪಾವಗಡದ ಡೇರೆಯಲ್ಲಿ ಗಾಡಿ ಮೇಲೆ ಕೂತು ತಮಟೆ ಬಾರಿಸಿ ಪಿಚ್ಚರು ಸಾರುತ್ತಿದ್ದ ಸಂಜೀವಯ್ಯ ಸೇರಿದ. ಕನ್ನಡ ಅರ್ಧ ತೆಲುಗು ಅರ್ಧ ಮಾತಾಡುವ, ಸದಾ ಹಲ್ಲು ಬಿಡುವ ಮನುಷ್ಯ. ಆಮೇಲೆ ಬೇರೆ ಡೇರೆಗಳಲ್ಲೂ ಅಲ್ಲೊಬ್ಬ ಇಲ್ಲೊಬ್ಬ. ಎಲ್ಲರೂ ಕೇರಿಯವರು, ಎಲ್ಲರೂ ಬೇರೆ ಯಾರೋ ಎಂದು ಹೇಳಿಕೊಂಡು ಒಳಗೆ ಸೇರಿದವರು. ಹೊಸಬ ಸೇರುವಾಗ ಅವನು ಪರದೆಯ ಒಂದು ಕಡೆ ನಿಲ್ಲಬೇಕು, ಹಳಬನೊಬ್ಬ ಇನ್ನೊಂದು ಕಡೆ. ಇಬ್ಬರೂ ಬಟ್ಟೆಯ ಮೇಲೆ ಅಂಗೈ ಇಟ್ಟು, ಅಂಗೈಗೆ ಅಂಗೈ ಸೇರಿಸಿ ಒತ್ತಬೇಕು. ನಡುವೆ ಬಟ್ಟೆ. ಅಷ್ಟೇ ಆಣೆ. ಸಂಜೀವಯ್ಯ ಸೇರಿದಾಗ ಈ ಕಡೆಯಿಂದ ಅಂಗೈ ಒತ್ತಿದ ಹಳಬ ಕದರಪ್ಪ.

ಕೂಟದ ಕೆಲಸವೂ ದೊಡ್ಡ ಕ್ರಾಂತಿಯೇನಲ್ಲ. ಪರದೆಗೆ ನೀರು ಚಿಮುಕಿಸಿ ನೆನೆಸುವುದು ಒಂದು. ಒದ್ದೆ ಬಟ್ಟೆಯಲ್ಲಿ ಬೆಳಕು ಚೆನ್ನಾಗಿ ತೂರುತ್ತದೆ, ಹಿಂದಿನವರಿಗೆ ಬೊಂಬೆ ಮೂಡುತ್ತದೆ. ಯಜಮಾನ ಕೇಳಿದರೆ ಧೂಳು ಕೂರದಿರಲಿ ಅಂತ ಸ್ವಾಮಿ ಎನ್ನುವುದು. ಇನ್ನೊಂದು, ದೀಪ ಆರಿದ ಮೇಲೆ ಪರದೆಯ ಮಗ್ಗುಲಿಗೆ ಕಟ್ಟಿದ ಅಡ್ಡಬಟ್ಟೆಯ ಹಗ್ಗ ಸಡಿಲಿಸುವುದು. ಹಿಂದಿನವರಲ್ಲಿ ನಾಲ್ಕಾರು ಮಂದಿ ತೆವಳಿಕೊಂಡು ಬಂದು ಮುಂದಿನ ನೆಲದಲ್ಲಿ ಕೂತು, ದೀಪ ಹತ್ತುವ ಮುಂಚೆ ವಾಪಸು ತೆವಳುತ್ತಿದ್ದರು. ಜೀವಮಾನದಲ್ಲಿ ಒಮ್ಮೆ ಸರಿಯಾದ ಕಡೆಯಿಂದ ರಾಣಿಯ ಮುಖ ನೋಡಿ ಬಂದ ಮುದುಕಿಯರು, "ಅಯ್ಯೋ, ಅವ್ಳು ನಾನು ಕಂಡಿದ್ದೋಳೇ ಅಲ್ಲ ಕಣಮ್ಮ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರಂತೆ.

ಮೂರನೆಯದೇ ಮುಖ್ಯ. ಕೂಟದವನೊಬ್ಬ ಸಿಕ್ಕಿಬಿದ್ದು ಬೇರೆ ಊರಿಗೆ ಓಡಿಬಂದರೆ, ಅಲ್ಲಿಯ ಡೇರೆಯಲ್ಲಿ ತನ್ನವನು ಯಾರಿದ್ದಾನೆ ಎಂದು ಹುಡುಕಿ ಕೇಳಬೇಕು: ರಾಣಿ ಪಿಚ್ಚರಿನಾಗೆ ರಾಣಿಯಮ್ಮನ ಮೂಗುಬೊಟ್ಟು ಯಾವ ಕಡೆಗೆ? ಎಡಗಡೆ ಎಂದು ಉತ್ತರ ಬಂದರೆ, ಉತ್ತರ ಹೇಳಿದವನು ಬಂದವನನ್ನು ತನ್ನ ನೆಂಟ ಎಂದು ಒಪ್ಪಿಕೊಳ್ಳಬೇಕು, ಉಣ್ಣಲಿಕ್ಕಿಡಬೇಕು, ಯಜಮಾನನ ಮುಂದೆ ಅವನಿಗೆ ಜಾಮೀನು ನಿಲ್ಲಬೇಕು. ಬಲಗಡೆ ಎಂದರೆ ನೀನು ಯಾರೋ ನಾನು ಯಾರೋ. ಮುಂದೆ ಕೂತು ಬೆಳೆದವನು ಈ ಪ್ರಶ್ನೆಗೆ ಎಡಗಡೆ ಎನ್ನುವುದಕ್ಕೆ ಸಾಧ್ಯವೇ ಇರಲಿಲ್ಲ. ನಗೆಪಾಟಲಾದ ತಪ್ಪನ್ನೇ ಗುರುತು ಮಾಡಿಕೊಂಡಿದ್ದರು.

ಜುಂಜಪ್ಪ ಹೇಳಿದ ಮಾತಿನ ಮೇಲೆ ಶಿರಾ ಡೇರೆಗೆ ಕದರಪ್ಪ ಸೇರಿದ. ಯಜಮಾನ ಶಂಕರಲಿಂಗಪ್ಪ, ಕಡಲೆಕಾಯಿ ಮಂಡಿಯ ಸಾಹುಕಾರ.

"ಯಾರ ಪೈಕಿಯೋ ನೀನು?"

"ಒಕ್ಲು ಕೆಲ್ಸದೋರು ಸ್ವಾಮಿ."

ಹೊಲ ಯಾರದು ಎಂದು ಸಾಹುಕಾರ ಕೇಳಲಿಲ್ಲ, ಇವನು ಹೇಳಲಿಲ್ಲ. ಪರದೆ ಕಟ್ಟುವ, ಬಿಚ್ಚುವ, ಒಗೆಯುವ ಕೆಲಸ ಸಿಕ್ಕಿತು. ಮೊದಲ ವರ್ಷಗಳಲ್ಲಿ ಕದರಪ್ಪ ಬಿಂದಿಗೆಗಟ್ಟಲೆ ನೀರು ಹೊತ್ತು ಬಟ್ಟೆ ತೋಯಿಸಿದ. ಆ ಹೊತ್ತಿಗೆ ಹೊನ್ನಕ್ಕ ಗಂಡನನ್ನು ಕಳೆದುಕೊಂಡು, ಪರದೆಯ ಹಿಂದೆ ಕೂತವರಿಗೆ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ತಮ್ಮನನ್ನು ತಮ್ಮ ಎನ್ನುವಂತಿಲ್ಲ. ಅವನು ಎದುರಿಗೆ ಬಂದರೆ, "ಏನ್ ಸ್ವಾಮಿ, ಕಡ್ಲೆಕಾಯಿ ಬೇಕಾ? ಓ, ನೀವು ನಮ್ ಕೈಯಿಂದ ತಿನ್ನಾಕಿಲ್ಲ ಅಲ್ವೇ!" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಗುವಳು. ಅವನೂ ನಗುವನು. ಆಗ ಅದು ಆಟ.

ಆಟ ಯಾವಾಗ ನಿಂತಿತು ಎಂದು ಹೇಳುವುದು ಕಷ್ಟ. ಶಂಕರಲಿಂಗಪ್ಪನಿಗೆ ಅವನ ಕೆಲಸ ಹಿಡಿಸಿತು. ಗೇಟಿನಲ್ಲಿ ಟಿಕೇಟು ಹರಿಯಲು ನಿಲ್ಲಿಸಿದ. ಗುಂಡಿಯಿರುವ ಕಾಕಿ ಕೋಟು ಕೊಡಿಸಿದ. ಸಾಹುಕಾರನ ಮನೆಯ ಜಗಲಿಯ ಮೇಲೆ ಎಲೆ ಹಾಕಿದರು. ಆ ಮನೆಯ ಯಜಮಾನಿ ದಾಕ್ಷಾಯಣಮ್ಮ ಅವನ ಕೈಗೇ ನೀರಿನ ಚೊಂಬು ಕೊಟ್ಟಳು. ಚೊಂಬು ಕೈಗೆ ಬಂದ ಆ ದಿನ ಕದರಪ್ಪ ಕುಡಿಯುವ ಮುಂಚೆ ಸುತ್ತ ಒಮ್ಮೆ ನೋಡಿದನಂತೆ. ಆಮೇಲೆ ನೋಡುವುದು ನಿಂತಿತು. ನಿಂತದ್ದೇ ತಪ್ಪಾಯಿತು.

ಬೆಂಚಿನವರು ಬೊಂಬೆ ಮಂಕು ಎಂದು ಗೊಣಗಿದಾಗ, "ಆ ನೀರು ಹಾಕೋದು ಬಿಟ್ಟುಬಿಡೋ" ಎಂದ ಸಾಹುಕಾರ. ಕದರಪ್ಪ ಬಿಟ್ಟ. ಒಂದು ಮಾತು ಎದುರಾಡಿದ್ದರೆ ಸಾಹುಕಾರ ಮರೆತುಬಿಡುತ್ತಿದ್ದನೋ ಏನೋ. ಹಗ್ಗ ಸಡಿಲಿಸುವುದೂ ಇವತ್ತು ಬೇಡ, ನಾಳೆ ನೋಡೋಣ ಎಂದು ಹಿಂದಕ್ಕೆ ಬಿತ್ತು. ಸಂಜೆ ಗೇಟು ಮುಚ್ಚಿದ ಮೇಲೆ ಬೆಂಚಿನ ಕೊನೆಯಲ್ಲಿ ಕೂತು ಅವನೂ ಪಿಚ್ಚರು ನೋಡುತ್ತಿದ್ದ. ಮುಂದಿನಿಂದ. ರಾಣಿ ಪಿಚ್ಚರು ಮತ್ತೆ ಮತ್ತೆ ಬಂತು, ಮತ್ತೆ ಮತ್ತೆ ನೋಡಿದ.

"ಏನೂ ಕಾಣ್ತಿಲ್ಲ ಕಣ್ಲಾ, ಬಟ್ಟೆ ಒಣಗ್ಸಿ ಇಕ್ಕಿದ್ದೀಯ," ಎಂದಳು ಹೊನ್ನಕ್ಕ ಒಮ್ಮೆ, ಯಾರೂ ಇಲ್ಲದಾಗ.

"ಸಾಹುಕಾರ್ರು ಬ್ಯಾಡ ಅಂದವ್ರೆ, ನಾನೇನ್ ಮಾಡ್ಲಿ?"

"ಸಾಹುಕಾರ್ರು ಬ್ಯಾಡ ಅಂದ್ರೆ ಹೇಲಾಕೂ ಹೋಗಾಕಿಲ್ಲೇನೋ ನೀನು?"

ಯುದ್ಧದ ವರ್ಷಗಳು. ಸೀಮೆಎಣ್ಣೆಗೂ ರೇಷನ್ನು, ಆದರೂ ಡೇರೆ ನಡೆಯುತ್ತಿತ್ತು. ಒಂದು ದಿನ ಪಾವಗಡದಿಂದ ಸುದ್ದಿ ಬಂತು. ಅಲ್ಲಿಯ ಡೇರೆಯಲ್ಲಿ ಕೇರಿಯ ಮುದುಕಿಯೊಬ್ಬಳು ಮುಂದಿನ ನೆಲದಲ್ಲಿ ಕೂತು ಅಳುತ್ತಾ ಅಳುತ್ತಾ ಹಿಂದಕ್ಕೆ ಹೋಗುವುದನ್ನೇ ಮರೆತಿದ್ದಳು. ದೀಪ ಹತ್ತಿದಾಗ ಒಕ್ಕಲಗಿತ್ತಿಯರ ನಡುವೆ ಕೂತಿದ್ದಳು. ಗಲಾಟೆಯಾಗಿ, ಹಗ್ಗ ಸಡಿಲಿಸಿದವನು ಯಾರೆಂದು ಹುಡುಕುವಷ್ಟರಲ್ಲಿ ಅವನು ತಪ್ಪಿಸಿಕೊಂಡಿದ್ದ. "ಡೇರೆ ಡೇರೆಯಲ್ಲೂ ಇಂಥವರು ಸೇರಿಕೊಂಡಿದ್ದಾರಂತೆ, ಹುಷಾರು" ಎಂದು ಸಾಹುಕಾರ ಕದರಪ್ಪನಿಗೇ ಹೇಳಿದ. ಕದರಪ್ಪ, "ಹೌದಾ ಸ್ವಾಮಿ" ಎಂದ.

ಅದಾದ ಕೆಲವೇ ದಿನಕ್ಕೆ, ಬೆಳಗ್ಗೆ. ಪರದೆಯನ್ನು ಒಗೆದು ಬಯಲಲ್ಲಿ ಹರಡಿತ್ತು. ಶಂಕರಲಿಂಗಪ್ಪ ಕುರ್ಚಿ ಹಾಕಿಸಿಕೊಂಡು ಸ್ಕೂಲ್ ಮೇಷ್ಟ್ರು ವೆಂಕಟರಾಮಯ್ಯನವರ ಜೊತೆ ಕಾಫಿ ಕುಡಿಯುತ್ತಿದ್ದ. ಕದರಪ್ಪ ಕೋಟು ತೊಟ್ಟು ಪಕ್ಕದಲ್ಲಿ ನಿಂತಿದ್ದ. ಮಧುಗಿರಿ ರಸ್ತೆ ಕಡೆಯಿಂದ ಒಬ್ಬ ಬಂದ. ಕಾಲು ಒಡೆದು ರಕ್ತ ಒಣಗಿತ್ತು. ಸಂಜೀವಯ್ಯ.

"ಏನಾದ್ರೂ ಪನಿ ಇದ್ರೆ ಕೊಡಿ ಸಾಮೀ. ಡೇರೆ ಕೆಲ್ಸ ಎಲ್ಲಾ ಬರುತ್ತೆ ನಂಗೆ."

"ಯಾವೂರು?"

"ಪಾವಗಡ ಕಡೆ ಸಾಮೀ."

ಸಾಹುಕಾರ ಕಾಫಿ ಲೋಟ ಕೆಳಗಿಟ್ಟ. "ಇಲ್ಲಿ ನಿನ್ನ ಬಲ್ಲೋರು ಯಾರಿದ್ದಾರೆ?"

ಮೂಗುಬೊಟ್ಟಿನ ಪ್ರಶ್ನೆಯನ್ನು ಯಾರೂ ಇಲ್ಲದ ಕಡೆ ಕೇಳಬೇಕು ಎಂಬುದು ಕೂಟದ ಕಟ್ಟಳೆ. ಸಂಜೀವಯ್ಯನಿಗೆ ಅಷ್ಟು ವ್ಯವಧಾನ ಎಲ್ಲಿತ್ತು? ಅವನು ಕದರಪ್ಪನ ಕಡೆ ತಿರುಗಿ, ಹಳೆಯ ಹಾಗೆ ಹಲ್ಲು ಬಿಟ್ಟು, ಕುಶಾಲಿಗೆ ಕೇಳುವವನ ಹಾಗೆ ಕೇಳಿದ:

"ಏನಣ್ಣಾ, ಆ ರಾಣಿ ಪಿಚ್ಚರ್‌ನಾಗೆ ರಾಣಿಯಮ್ಮನ ಮೂಗುಬೊಟ್ಟು ಯಾವ ಕಡೆಗೈತೆ?"

ಕದರಪ್ಪ ಎಡಗಡೆ ಎಂದಿದ್ದರೆ ಮೇಷ್ಟ್ರು ನಗುತ್ತಿದ್ದರು. ಸಾಹುಕಾರನೂ ನಗಬಹುದಿತ್ತು, ಅಥವಾ ನಗದೆ ಯೋಚನೆ ಮಾಡಬಹುದಿತ್ತು. ಕೋಟು, ಜಗಲಿ, ಚೊಂಬು ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿದ್ದವು. ಆ ಕಡೆ ಸಂಜೀವಯ್ಯನ ಪ್ರಾಣ ನಿಂತಿತ್ತು.

"ಬಲಗಡೆ," ಎಂದ ಕದರಪ್ಪ.

"ಇದೇನಯ್ಯ ಪ್ರಶ್ನೆ! ಕಣ್ಣಿರೋರು ಯಾರನ್ನ ಕೇಳಿದ್ರೂ ಬಲಗಡೆ ಅಂತಾರೆ," ಎಂದರು ಮೇಷ್ಟ್ರು.

"ಔನು ಸಾಮೀ, ಬಲಗಡೇನೇ. ನಾನೇ ಮರ್ತಿದ್ದೆ," ಎಂದು ಸಂಜೀವಯ್ಯ ತಿರುಗಿದ. ಹಲ್ಲು ಇನ್ನೂ ಬಿಟ್ಟೇ ಇತ್ತು.

"ಕದರಪ್ಪಾ, ಹಿಡ್ಕೊಳೋ ಅವನ್ನ!" ಎಂದು ಕೂಗಿದ ಸಾಹುಕಾರ.

ಕದರಪ್ಪ ಹಿಡಿದುಕೊಂಡ. ರಟ್ಟೆ ಹಿಡಿಯಬಹುದಿತ್ತು, ಸಿಕ್ಕಿದ್ದು ಕೈ. ಬಟ್ಟೆಯ ಆ ಕಡೆಯಿಂದ ಒತ್ತಿದ್ದ ಅಂಗೈ. ಸಂಜೀವಯ್ಯ ಕೊಸರಲಿಲ್ಲ.

"ನೀನು ಯಾರ ಪೈಕಿ? ನಿಜ ಹೇಳು."

"ಪರದೆ ಹಿಂದೆ ಕೂತ್ಕೊಳ್ಳೋರ ಪೈಕಿ ಸಾಮೀ." ಜಾಮೀನು ನಿಲ್ಲುವವನು ಇಲ್ಲವೆಂದ ಮೇಲೆ ಸುಳ್ಳು ಹೇಳಿ ಏನು ಪ್ರಯೋಜನ ಎಂದುಕೊಂಡಿರಬೇಕು.

ಸಾಹುಕಾರ ಗಡಬಡಿಸಿ ಕುರ್ಚಿ ಹಿಂದಕ್ಕೆ ಎಳೆದುಕೊಂಡ. "ಅಯ್ಯೋ, ಅವನ್ನ ಮುಟ್ಟಿಬಿಟ್ಯಲ್ಲೋ ಕದರಪ್ಪ! ಬಿಡು, ಬಿಡು. ಹೋಗು, ಮೊದ್ಲು ಬಾವಿಗೋಗಿ ಮೈ ತೊಳ್ಕೊಂಡು ಬಾ."

ಕದರಪ್ಪ ಬಾವಿಗೆ ಹೋದ. ತನ್ನ ಜಾತಿಯವನನ್ನು ಮುಟ್ಟಿದ್ದಕ್ಕೆ ತಲೆಯ ಮೇಲೆ ನೀರು ಹೊಯ್ದುಕೊಂಡ. ಮಂಡಿಯ ಹಮಾಲಿಗಳು ಹೊಡೆಯುತ್ತಿದ್ದ ಸದ್ದು ಬಾವಿಯ ತನಕ ಕೇಳುತ್ತಿತ್ತು. ಸಂಜೀವಯ್ಯನ ದನಿ ಕೇಳಲಿಲ್ಲ. ಆ ದನಿಯಲ್ಲಿ ತನ್ನ ಹೆಸರು ಬರುತ್ತದೇನೋ ಎಂದು ಕದರಪ್ಪ ಕಿವಿಗೊಟ್ಟು ನಿಂತಿದ್ದ. ಸಂಜೀವಯ್ಯನ ಬೆನ್ನಿನ ಚಿಂತೆ ಅವನಿಗೆ ಆಗ ಬರಲಿಲ್ಲ. ಇದನ್ನು ಮೃದು ಮಾಡಿ ಹೇಳುವುದಕ್ಕೆ ಬರುವುದಿಲ್ಲ.

ಒದ್ದೆ ಮೈಯಲ್ಲಿ ವಾಪಸು ಬಂದಾಗ ಸಂಜೀವಯ್ಯನನ್ನು ಕೂರಿಸಿದ್ದರು. ಇಂಥವರಿಂದ ಡೇರೆಗಳು ಮೈಲಿಗೆಯಾದದ್ದಕ್ಕೆ ಅವನೇ ಮುಂದಿನ ನೆಲವನ್ನೆಲ್ಲ ಸಗಣಿ ನೀರು ಹಾಕಿ ಸಾರಿಸಬೇಕೆಂದು ತೀರ್ಮಾನವಾಗಿತ್ತು. ಮೈಲಿಗೆ ಮಾಡಿದವನೇ ಸಾರಿಸಿದರೆ ಅದು ಹೇಗೆ ಮಡಿಯಾಗುತ್ತದೋ, ಆ ಲೆಕ್ಕ ಸಾಹುಕಾರನಿಗೇ ಗೊತ್ತು. ನೀರು ತರಲು ಕದರಪ್ಪನಿಗೆ ಹೇಳಿದರು.

"ಹತ್ರ ಹೋಗಬೇಡ, ಮತ್ತೆ ಸ್ನಾನ ಆಗುತ್ತೆ. ಮೇಲಿಂದ ಹುಯ್ಯಿ."

ಸಂಜೀವಯ್ಯ ಮಡಕೆ ಒಡ್ಡಿದ. ಕದರಪ್ಪ ಎತ್ತರದಿಂದ ಹೊಯ್ದ. ಅರ್ಧ ನೀರು ಆಚೆ ಚೆಲ್ಲಿತು. ಬಾತುಹೋದ ಮುಖ ಮೇಲಕ್ಕೆತ್ತಿ ಸಂಜೀವಯ್ಯ ಅಂದ: "ಇಂಕಾ ಸ್ವಲ್ಪ ಹುಯ್ಯಿ ಸಾಮೀ."

ಅಣ್ಣಾ ಎಂದಿದ್ದವನು ಸಾಮೀ ಎಂದ. ಹಂಗಿಸುವುದಕ್ಕಲ್ಲ, ಕಾಪಾಡುವುದಕ್ಕೆ. ಸಾರಿಸಿ ಮುಗಿಸಿ ಎದ್ದು ಹೋದ. ಎಲ್ಲಿಗೆ ಹೋದ ಎಂದು ಜುಂಜಪ್ಪ ನಾಲ್ಕು ತಾಲೂಕಲ್ಲಿ ವಿಚಾರಿಸಿದರೂ ತಿಳಿಯಲಿಲ್ಲ. ಕೋಲಾರದ ಚಿನ್ನದ ಗಣಿಗೆ ಹೋದ ಅಂದರು ಕೆಲವರು. ಸತ್ತ ಅಂದರು ಕೆಲವರು. ಜುಂಜಪ್ಪ ಶಿರಾಕ್ಕೆ ಬಂದು ಕದರಪ್ಪನನ್ನು ನೋಡಿದ. ಬೈಯಲಿಲ್ಲ. "ನಾವು ಇನ್ನು ಯಾರೂ ಆ ಮಾತು ಕೇಳ್ಕೊಳ್ಳೋದು ಬ್ಯಾಡ" ಎಂದು ಹೇಳಿ ಹೋದ. ಹುಟ್ಟಿದ ಹಾಗೆಯೇ ಕೂಟ ಸದ್ದಿಲ್ಲದೆ ಸತ್ತಿತು.

ಹೆದರಿಕೊಂಡು ಸುಳ್ಳು ಹೇಳಿದ ಎಂದಾಗಿದ್ದರೆ ಕದರಪ್ಪ ಹೇಗೋ ಬದುಕಿಕೊಳ್ಳುತ್ತಿದ್ದ. ಹೆದರಿದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅವನನ್ನು ತಿಂದದ್ದು ಬೇರೆ. ಪ್ರಶ್ನೆ ಕಿವಿಗೆ ಬಿದ್ದ ಕ್ಷಣ ಕಣ್ಣೊಳಗೆ ರಾಣಿಯ ಮುಖ ಬಂದಿತ್ತು, ಅದರಲ್ಲಿ ಮೂಗುಬೊಟ್ಟು ಬಲಗಡೆಯೇ ಇತ್ತು. ಅವನು ಕಂಡದ್ದನ್ನೇ ಹೇಳಿದ್ದ. ಹಿಂದಿನಿಂದ ನೋಡಿದ ಆ ಹಳೆಯ ಮುಖವನ್ನು ಎಷ್ಟು ತಡಕಿದರೂ ಅವನಿಗೆ ಮತ್ತೆ ಸಿಗಲಿಲ್ಲ. ಗೇಟಿನಲ್ಲಿ ನಿಂತು ಟಿಕೇಟು ಹರಿಯುವಾಗಲೂ ತಡಕುತ್ತಿದ್ದ. ಜಗಲಿಯ ಮೇಲೆ ಎಲೆಯ ಮುಂದೆ ಕೂತು ತಡಕುತ್ತಿದ್ದ. ದಾಕ್ಷಾಯಣಮ್ಮ ಚೊಂಬು ಕೊಟ್ಟರೆ, "ಕೆಳಗಿಡಿ ತಾಯಿ" ಎನ್ನಲು ಶುರುಮಾಡಿದ. "ಇದೇನೋ ಹೊಸ ಮಡಿ ನಿಂದು?" ಎಂದು ಆಕೆ ನಕ್ಕಳು.

ಹೊನ್ನಕ್ಕನಿಗೆ ಯಾರೋ ಎಲ್ಲ ಹೇಳಿದ್ದರು. ಅವಳು ಕುಶಾಲು ನಿಲ್ಲಿಸಿದಳು. ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು, ಸಾಹುಕಾರರಿಗೆ ಬಿಡುವ ಹಾಗೆ.

ಹೀಗೇ ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಆ ವರ್ಷ ಮಳೆ ಕೈಕೊಟ್ಟಿದ್ದರಿಂದ ಆಗಸ್ಟಿನಲ್ಲೂ ಡೇರೆ ಬಿಚ್ಚಿರಲಿಲ್ಲ. ಶಂಕರಲಿಂಗಪ್ಪ ರಾತ್ರೋರಾತ್ರಿ ಖಾದಿ ಟೋಪಿ ಸಂಪಾದಿಸಿ, ಊರಿಗೆಲ್ಲ ಒಂದು ಬಿಟ್ಟಿ ಆಟ ಎಂದು ಸಾರಿಸಿದ. ಅಗ್ಗಕ್ಕೆ ಸಿಕ್ಕಿದ್ದು ಅದೇ ಹಳೆಯ ರಾಣಿ ಪಿಚ್ಚರು. ಸಂಜೆ ಆಟಕ್ಕೆ ಜನ ಜಾತ್ರೆ.

"ಕೇರಿಯೋರು ಬಂದವ್ರೆ ಸ್ವಾಮಿ. ಎಲ್ಲಿ ಬಿಡ್ಲಿ?" ಕದರಪ್ಪ ಕೇಳಿದ. ಕೇಳಬೇಕೆಂದೇ ಕೇಳಿದ.

"ಇದೇನೋ ಕೇಳ್ತೀಯ? ಎಲ್ರಿಗೂ ಬಿಟ್ಟಿ, ಅವರಿಗೂ ಬಿಟ್ಟಿ. ಹಿಂದಿನೋರಿಗೆ ಹಿಂದೆ."

ಕದರಪ್ಪ ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿ, ಕೋಟನ್ನು ಗೇಟಿನ ಗೂಟಕ್ಕೆ ನೇತುಹಾಕಿದ. ಆಚೆ ಬಾಗಿಲಿನಿಂದ ಕೇರಿಯವರ ಜೊತೆ ಒಳಗೆ ಹೋದ. ಇದರಲ್ಲಿ ಶೌರ್ಯವೇನೂ ಇರಲಿಲ್ಲ. ಟೋಪಿಯವರ ಗದ್ದಲದಲ್ಲಿ ಯಾರೂ ಅವನನ್ನು ನೋಡಲೇ ಇಲ್ಲ.

ಹೊನ್ನಕ್ಕ ಕುಕ್ಕೆ ಮುಂದಿಟ್ಟುಕೊಂಡು ಕೂತಿದ್ದಳು. ಅವನನ್ನು ನೋಡಿದಳು. ಜಾಗ ಬಿಡಲಿಲ್ಲ, ಹೋಗು ಎಂದೂ ಹೇಳಲಿಲ್ಲ. ದೀಪ ಆರಿ ಆಟ ಶುರುವಾಯಿತು. ಒಣಗಿದ ಬಟ್ಟೆಯ ಮೇಲೆ ಹೊಗೆಯಂಥ ಆಕಾರಗಳು ಸುಳಿದವು. ಹಾರ್ನು ಕಿವಿಯೊಳಗೆ ಕೂಗುತ್ತಿತ್ತು.

"ಏನ್ ಬೊಂಬೆನೋ, ಯಾವ ಸ್ವತಂತ್ರನೋ. ಏನೂ ಕಾಣಾಕಿಲ್ಲ," ಎಂದಳು ಪಕ್ಕದ ಮುದುಕಿ ಹನುಮಕ್ಕ.

ಕದರಪ್ಪ ಎದ್ದು ಮೂಲೆಯ ಬಿಂದಿಗೆ ತಂದು ಕೈಯಿಂದ ನೀರು ಎರಚಿದ. ಬಟ್ಟೆ ತೋಯುತ್ತಾ ಬಂದ ಹಾಗೆ ಆಕಾರಗಳಿಗೆ ಕಣ್ಣು ಮೂಗು ಬಂದವು. ಮುಂದಿನಿಂದ ಯಾರೋ, "ಯಾವನ್ಲಾ ಅವನು, ಬೊಂಬೆ ಮಂಕಾಯ್ತು!" ಎಂದು ಕೂಗಿದರು. ಅವನು ಎರಚುತ್ತಲೇ ಇದ್ದ. ಆಮೇಲೆ ರಾಣಿ ಬಂದಳು. ಆ ಅಳುವ ಘಟ್ಟ. ಮೂಗುಬೊಟ್ಟು ಮಿಂಚಿತು. ಇಷ್ಟು ವರ್ಷ ತಡಕಿದ್ದ ಮುಖ ಅಲ್ಲಿತ್ತು.

"ಯಾವ ಕಡೆಗೈತೆ?" ಹೊನ್ನಕ್ಕ ಕೇಳಿದಳು. ಅವನ ಮುಖ ನೋಡದೆ, ಪರದೆ ನೋಡುತ್ತಾ.

"ಎಡಗಡೆ ಕಣಕ್ಕ," ಎಂದ. "ಎಡಗಡೆ."

"ಈಗ ಕಣ್ಣೆದುರಿಗೈತಲ್ಲ," ಎಂದಳು ಹೊನ್ನಕ್ಕ, ಒಂದು ಕಡಲೆಕಾಯಿ ಒಡೆಯುತ್ತಾ. "ಈಗ ಯಾವನಾದ್ರೂ ಹೇಳ್ತಾನೆ ಬುಡು."

ಬಟ್ಟೆಯ ಮೇಲಿನ ತುದಿ ಇನ್ನೂ ಒಣಗಿಯೇ ಇತ್ತು. ಕದರಪ್ಪ ಬಿಂದಿಗೆ ಎತ್ತಿಕೊಂಡ.